ಮಕ್ಕಳು ಕಾಲೇಜು ಸೇರಿದ ಮೇಲೆ ನಾವು ತಿಳಿದಿರಬೇಕಾದ್ದು

(ಬಿಂಡಿಗನವಿಲೆಯಲ್ಲಿ ನಡೆದ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಕಾಲೇಜು ಉಪನ್ಯಾಸಕಿಯೊಬ್ಬರು ಆಡಿದ ಮಾತುಗಳು)



ಉಳಿತಾಯ, ಸಾಲ ಮರುಪಾವತಿಯ ಲೆಕ್ಕ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ನಿಮ್ಮಲ್ಲಿ ಅನೇಕರ ಮಕ್ಕಳು ಈ ವರ್ಷ ಕಾಲೇಜು ಸೇರಿದ್ದಾರೆ. ಕೆಲವರು ಪಿ.ಯು.ಸಿ.ಗೆ, ಕೆಲವರು ನಾಗಮಂಗಲದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ, ಇನ್ನು ಕೆಲವರು ಮಂಡ್ಯ, ಮೈಸೂರು ಅಂತ ದೂರ ಹೋಗಿದ್ದಾರೆ. ಸೇರಿಸಿದ್ದಾಯ್ತು, ಫೀಸು ಕಟ್ಟಿದ್ದಾಯ್ತು, ಇನ್ನು ಅವರುಂಟು ಕಾಲೇಜುಂಟು ಅಂತ ನಾವು ಸುಮ್ಮನಾಗಿಬಿಡುತ್ತೇವೆ. ಆದರೆ ನಾನು ತರಗತಿಯಲ್ಲಿ ಕಂಡಿರುವುದು ಬೇರೆ. ಹಳ್ಳಿಯಿಂದ ಬಂದ ಹುಡುಗಿ ಕಾಲೇಜು ಬಿಡುವುದಾದರೆ ಸಾಮಾನ್ಯವಾಗಿ ಮೊದಲನೇ ವರ್ಷದಲ್ಲೇ ಬಿಡುತ್ತಾಳೆ. ಅವಳು ದಡ್ಡಿ ಅಂತ ಅಲ್ಲ. ಮನಸ್ಸಿನಲ್ಲಿ ಹತ್ತು ಪ್ರಶ್ನೆ ಇರುತ್ತೆ, ಯಾರನ್ನು ಕೇಳೋದು ಅಂತ ಗೊತ್ತಿರಲ್ಲ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಅವಳೇ ಮೊದಲು.

ಬಾಯಿಬಿಟ್ಟು ಕೇಳದ ಮೊದಲನೇ ಪ್ರಶ್ನೆ, ನನಗೆ ಇಂಗ್ಲಿಷ್ ಅರ್ಥ ಆಗುತ್ತಾ ಅನ್ನೋದು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಗು ಕಾಮರ್ಸಿಗೋ ಸೈನ್ಸಿಗೋ ಸೇರಿದ ಕೂಡಲೇ ಎಲ್ಲಾ ಇಂಗ್ಲಿಷಿನಲ್ಲಿ ಕೇಳಬೇಕು. ಮೊದಲ ಒಂದೆರಡು ತಿಂಗಳು ತಲೆಗೆ ಹೋಗದೇ ಇರುವುದು ಸಹಜ, ಪಕ್ಕದ ಬೆಂಚಿನವಳಿಗೂ ಹೋಗಿರಲ್ಲ. ಕಲಾ ವಿಭಾಗದಲ್ಲಾದರೆ ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಉಳಿದವರು ದಿನಕ್ಕೆ ಹತ್ತು ಪದ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದರೆ ವರ್ಷದ ಕೊನೆಗೆ ಭಯ ಹೋಗುತ್ತೆ. ನಮ್ಮ ಬೆಳ್ಳೂರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡಿದ್ದ ಬಿ.ಎಂ.ಶ್ರೀ. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಊರೂರು ತಿರುಗಿ ಕನ್ನಡ ಬೆಳೆಸಿದವರು. ಒಂದು ಬಂದರೆ ಇನ್ನೊಂದು ಬರಲ್ಲ ಅನ್ನೋದು ಸುಳ್ಳು.

ಇನ್ನು ಹಾಜರಾತಿ. ಸ್ಕೂಲಿನಲ್ಲಿ ಮಗು ಎರಡು ದಿನ ಬರದಿದ್ದರೆ ಮೇಷ್ಟ್ರು ಹೇಳಿ ಕಳಿಸುತ್ತಿದ್ದರು. ಕಾಲೇಜಿನಲ್ಲಿ ಹಾಗೆ ಹೇಳಿ ಕಳಿಸುವವರು ಕಡಿಮೆ. ಆದರೆ ಪ್ರತಿ ವಿಷಯಕ್ಕೂ ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ಸೆಮಿಸ್ಟರಿಗೆ 90 ದಿನ ಪಾಠ ನಡೀತು ಅಂದರೆ 22 ದಿನಕ್ಕಿಂತ ಜಾಸ್ತಿ ತಪ್ಪಿಸುವ ಹಾಗಿಲ್ಲ. ಲೆಕ್ಕ ಹಾಕಿ ನೋಡಿ. ರಾಗಿ ಕೊಯ್ಲಿಗೆ ನಾಲ್ಕು ದಿನ, ಅಜ್ಜಿ ತಿಥಿಗೆ ಎರಡು, ಚಿಕ್ಕಪ್ಪನ ಮಗಳ ಮದುವೆಗೆ ಐದು, ಊರಹಬ್ಬಕ್ಕೆ ಮೂರು, ಅಮ್ಮನಿಗೆ ಜ್ವರ ಅಂತ ನಾಲ್ಕು. ಅಲ್ಲಿಗೇ 18 ಆಯ್ತು, ಅವಳಿಗೇ ಜ್ವರ ಬಂದರೆ? ಹುಡುಗನನ್ನು ಹೀಗೆ ಮನೆಯಲ್ಲಿ ನಿಲ್ಲಿಸಿಕೊಳ್ಳುವುದು ಕಡಿಮೆ. ಅದನ್ನೂ ಯೋಚನೆ ಮಾಡಿ.

ಫೇಲಾದರೆ ಏನು ಗತಿ ಅನ್ನೋದು ಮಕ್ಕಳ ದೊಡ್ಡ ಹೆದರಿಕೆ. ಡಿಗ್ರಿಯಲ್ಲಿ ಒಂದು ಪೇಪರು ಹೋದರೆ ವರ್ಷ ಹೋಗಲ್ಲ, ಮುಂದೆ ಓದುತ್ತಲೇ ಅದನ್ನು ಮತ್ತೆ ಬರೆಯಬಹುದು. ದ್ವಿತೀಯ ಪಿ.ಯು.ಸಿ.ಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಮಾಡುತ್ತಾರೆ. ಇದು ಮನೆಯವರಿಗೆ ಗೊತ್ತಿಲ್ಲದೆ ಆಗುವ ಅನ್ಯಾಯ ಬಹಳ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋಗಿರುತ್ತೆ, ಅಷ್ಟಕ್ಕೇ "ಸಾಕು ಓದ್ಸಿದ್ದು, ಗಂಡು ನೋಡಾನ" ಅಂತ ಶುರುವಾಗುತ್ತೆ. ನಾಲ್ಕು ವರ್ಷದ ಡಿಗ್ರಿ ಅಂತೆ, ಅಷ್ಟು ದಿನ ಯಾರು ಓದಿಸ್ತಾರೆ ಅಂತಲೂ ಕೆಲವರು ಹೇಳ್ತಾರೆ. ನಾಲ್ಕು ವರ್ಷದ ಪದ್ಧತಿ 2021ರಲ್ಲಿ ಬಂದಿತ್ತು. 2024ರಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿದೆ.

ದುಡ್ಡಿನ ವಿಷಯಕ್ಕೆ ಬರೋಣ. ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಅನ್ನುವ ಸರ್ಕಾರದ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು, ಕಾಲೇಜು ತಾನಾಗಿ ಹಾಕಿಕೊಡಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸಿಕೊಳ್ಳಿ, ಕೊನೆ ದಿನದವರೆಗೆ ಕಾಯಬೇಡಿ. ಆಧಾರಿನಲ್ಲಿ, ಅಂಕಪಟ್ಟಿಯಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ಥರ ಇರಬೇಕು. ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ತೊಂದರೆ. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲೇ ಕೇಳಿ. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆ ಇದೆ. 2013-14ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ಹಾಸ್ಟೆಲು ಇಲ್ಲ ಅಂದ ಮಾತ್ರಕ್ಕೆ ಮನೆಗೆ ಕರೆದುಕೊಂಡು ಬರುವ ಮೊದಲು ಇದನ್ನು ವಿಚಾರಿಸಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಮೂಲ ಅಂಕಪಟ್ಟಿಯನ್ನು ಕಾಲೇಜಿನವರು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯು.ಜಿ.ಸಿ. 2018ರಲ್ಲೇ ಹೇಳಿದೆ.

ಫೀಸಿಗೆ ಸಾಲ ಬೇಕೇ ಬೇಕು ಅಂದರೆ ಮೊದಲು ಸಂಘದಲ್ಲಿ ಕೇಳಿ. ವಾರದ ಕಂತಿನ ಫೈನಾನ್ಸಿನವರ ಹತ್ತಿರ ಹೋಗಬೇಡಿ. ವೃತ್ತಿ ಕೋರ್ಸಿನ ದೊಡ್ಡ ಫೀಸಾದರೆ ಬ್ಯಾಂಕಿನ ಶಿಕ್ಷಣ ಸಾಲವಿದೆ, 4 ಲಕ್ಷದವರೆಗೆ ಜಮೀನು ಪತ್ರ ಅಡ ಇಡಬೇಕಾಗಿಲ್ಲ.

ಬಸ್ಸಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಗಂಡುಮಕ್ಕಳಿಗೆ ಪಾಸು ಮಾಡಿಸಿ.

ಆದರೆ ಬಸ್ಸಿನಲ್ಲೇ ಇನ್ನೊಂದು ಕಷ್ಟ ಇದೆ. ನನ್ನ ತರಗತಿಯ ಒಬ್ಬ ಹುಡುಗಿ ಚೆನ್ನಾಗಿ ಓದುತ್ತಿದ್ದವಳು ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದಳು. ಬಸ್ಸಿನಲ್ಲಿ ಒಬ್ಬ ದಿನಾ ಹಿಂದೆ ಬಂದು ನಿಂತು ಕಾಟ ಕೊಡುತ್ತಿದ್ದ. ಮನೆಯಲ್ಲಿ ಯಾಕೆ ಹೇಳಲಿಲ್ಲಮ್ಮ ಅಂದರೆ, "ಹೇಳುದ್ರೆ ಕಾಲೇಜ್ ಬಿಡುಸ್ತಾರೆ ಮಿಸ್" ಅಂದಳು. ಎಲ್ಲಾ ಹುಡುಗಿಯರದೂ ಇದೇ ಉತ್ತರ. ತಪ್ಪು ಮಾಡಿದವನು ಆರಾಮಾಗಿ ಬಸ್ಸಿನಲ್ಲಿ ಓಡಾಡುತ್ತಾನೆ, ಇವಳು ಮನೆಯಲ್ಲಿ ಕೂರುತ್ತಾಳೆ. ಅವಳ ತಾಯಿಯನ್ನು ಕರೆಸಿ ಮಾತಾಡಿದೆ. ಆಕೆ ಓದಿದವರಲ್ಲ. ಮಾರನೇ ದಿನದಿಂದ ಒಂದು ವಾರ ಮಗಳ ಜೊತೆ ತಾವೇ ಬಸ್ಸು ಹತ್ತಿದರು, ಕಂಡಕ್ಟರಿಗೂ ಹೇಳಿದರು. ಅವನು ಆಮೇಲೆ ಕಾಣಿಸಲಿಲ್ಲ. ಹುಡುಗಿ ಡಿಗ್ರಿ ಮುಗಿಸಿದಳು.

ಅದಕ್ಕೇ ನಾನು ಕೇಳಿಕೊಳ್ಳೋದು, ಇವತ್ತು ರಾತ್ರಿ ಊಟಕ್ಕೆ ಬಡಿಸುವಾಗಲೇ ಮಗಳಿಗೆ ಒಂದು ಮಾತು ಹೇಳಿ: "ಏನೇ ಆದ್ರೂ ನಂಗೆ ಹೇಳವ್ವ, ನಿನ್ ಕಾಲೇಜ್ ಬಿಡ್ಸಲ್ಲ." ಹೇಳಿದ ಮೇಲೆ ಅದರಂತೆ ನಡೆದುಕೊಳ್ಳಬೇಕು, ಅವರಪ್ಪನನ್ನೂ ಒಪ್ಪಿಸಬೇಕು. ಅದು ನಿಮ್ಮ ಪಾಡು, ಸಂಘದ ಸಾಲಕ್ಕೆ ಒಪ್ಪಿಸಿದವರಿಗೆ ಇದೇನು ಕಷ್ಟವಲ್ಲ. ಕಾಲೇಜಿನ ಒಳಗೆ ತೊಂದರೆಯಾದರೆ 2013ರ ಕಾಯ್ದೆಯಂತೆ ಆಂತರಿಕ ದೂರು ಸಮಿತಿ ಇರಬೇಕು, ಅದರಲ್ಲಿರುವ ಮೇಡಂ ಯಾರು ಅಂತ ಈಗಲೇ ತಿಳಿದುಕೊಳ್ಳಲಿ. ಹಿರಿಯ ವಿದ್ಯಾರ್ಥಿಗಳು ರ‍್ಯಾಗಿಂಗ್ ಮಾಡಿದರೆ 1800-180-5522ಕ್ಕೆ ಫೋನ್ ಮಾಡಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

"ನಾವು ಓದ್ದೋರಲ್ಲ, ಕಾಲೇಜಿಗೆ ಹೋಗಿ ಏನಂತ ಕೇಳಾದು ಮೇಡಂ" ಅಂತ ಆಗಲೇ ಒಬ್ಬ ಅಕ್ಕ ಕೇಳಿದರು. ನನ್ನ ಮಗಳ ಹಾಜರಾತಿ ಎಷ್ಟಿದೆ, ಯಾವ ಪಾಠ ಕಷ್ಟ ಆಗ್ತಿದೆ, ಸ್ಕಾಲರ್‌ಶಿಪ್ ಅರ್ಜಿ ಏನಾಯ್ತು, ಇಷ್ಟು ಕೇಳಿ. ಒಬ್ಬರೇ ಬರೋಕೆ ಸಂಕೋಚ ಆದರೆ ನಾಲ್ಕು ಜನ ಸೇರಿ ಬನ್ನಿ, ಬ್ಯಾಂಕಿಗೆ ಮೊದಲ ಸಲ ಹೋದಾಗಲೂ ಹಾಗೇ ಹೋಗಿದ್ದಿರಿ.

ಮುಂದಿನ ಸಭೆಗೆ ಬರುವಾಗ ಮಕ್ಕಳ ಆಧಾರ್, ಅಂಕಪಟ್ಟಿ, ಪಾಸ್‌ಬುಕ್ಕಿನ ಜೆರಾಕ್ಸ್ ತನ್ನಿ. ಹೆಸರು ಸರಿ ಇದೆಯಾ ಅಂತ ಎಲ್ಲರೂ ಕೂತು ನೋಡೋಣ.