ಬಡವನ ದಾವೆಯೂ ಕೋರ್ಟಿನ ಶುಲ್ಕವೂ



ಬಡವರಿಗೆ ಕೋರ್ಟಿನ ಶುಲ್ಕ ಮಾಫಿಯಿದೆಯೆಂಬ ನಂಬಿಗೆಯು ನಮ್ಮ ಜನರಲ್ಲುಂಟು. ವಕೀಲರಾದ ನಾವು ಅದನ್ನು ತಿದ್ದದೆ ಬಿಡುವದು ಸಲ್ಲದು. 1908ನೆಯ ಇಸ್ವಿಯ ದಿವಾಣಿ ಸಂಹಿತೆಯ 33ನೆಯ ಆದೇಶವು ನಿರ್ಧನನಿಗೆ ಕೊಟ್ಟಿರುವದು ಮಾಫಿಯಲ್ಲ, ಉದ್ರಿ! ದಾವೆ ಹೂಡುವಾಗ ಶುಲ್ಕ ಕೇಳುವದಿಲ್ಲ, ನಿಜ. ಗೆದ್ದರೆ ತೀರ್ಪು ಯಾರ ಮೇಲೆ ಹೊರಿಸುವದೋ ಅವರಿಂದ ಸರಕಾರವು ವಸೂಲು ಮಾಡುವದು. ಆ ಬಾಕಿಗೆ ದಾವೆಯ ಆಸ್ತಿಯೇ ಮೊದಲ ಹೊಣೆ. ಸೋತರೆ ಆ ಬಡವನೇ ತೆರಬೇಕು.

ಗಂಡನ ಹೊಲದಲ್ಲಿ ಪಾಲು ಬೇಡುವ ವಿಧವೆಯೊಬ್ಬಳನ್ನು ಎಣಿಸಿಕೊಳ್ಳಿರಿ. ಹೊಲವು ಮೈದುನಂದಿರೊಡನೆ ಜಂಟಿ ಸ್ವಾಧೀನದಲ್ಲಿದ್ದರೆ ಶುಲ್ಕವು ಅಲ್ಪ. ಅವರು ಅವಳನ್ನು ಹೊರದೂಡಿದ್ದರೆ ಶುಲ್ಕವು ಅವಳ ಪಾಲಿನ ಪೇಟೆಯ ಬೆಲೆಯ ಮೇಲೆ ಬೀಳುವದು. ಅನ್ಯಾಯವು ಹಿರಿದಾದಷ್ಟು ಶುಲ್ಕವೂ ಹಿರಿದು! ಆಗ ಅವಳು ನಿರ್ಧನಳೆಂದು ಅರ್ಜಿ ಮಾಡಿಕೊಳ್ಳಬೇಕು. ತನ್ನಲ್ಲಿರುವ ಚರಸ್ಥಿರ ಆಸ್ತಿಯನ್ನೆಲ್ಲ ಬೆಲೆಸಹಿತ ಪಟ್ಟಿಮಾಡಿ, ಸಾಮಾನ್ಯವಾಗಿ ತಾನೇ ಕೋರ್ಟಿಗೆ ಹೋಗಿ ಸಲ್ಲಿಸಬೇಕು. ಶಿರಸ್ತೇದಾರರ ವಿಚಾರಣೆ, ಬಳಿಕ ಸರಕಾರಿ ವಕೀಲರಿಗೂ ಪ್ರತಿವಾದಿಗಳಿಗೂ ನೋಟೀಸು. ಹೊಲ ಕಸಿದ ಮೈದುನಂದಿರೇ ಬಂದು, ಅವಳ ಪೆಟ್ಟಿಗೆಯಲ್ಲಿ ಬಂಗಾರವಿದೆಯೆಂದು ಸಾಕ್ಷಿ ನುಡಿಯಬಹುದು. ಹೊಲದ ಮಾತು ಆರಂಭವಾಗುವ ಮೊದಲೇ ಅವಳ ದಾರಿದ್ರ್ಯದ ಮೇಲೆ ಒಂದು ಮೊಕದ್ದಮೆ ನಡೆದುಹೋಗುವದು.

1976ರ ತಿದ್ದುಪಡಿಯು ‘ಪಾಪರ’ ಎಂಬ ಹೆಸರನ್ನು ತೆಗೆಯಿತು. ಶುಲ್ಕ ಗೊತ್ತುಪಡಿಸದ ದಾವೆಗಳಿಗಿದ್ದ ನೂರು ರೂಪಾಯಿಯ ಆಸ್ತಿಯ ಮಿತಿಯನ್ನು ಸಾವಿರಕ್ಕೇರಿಸಿತು. ಆ ಸಾವಿರವು ಇಂದಿಗೂ ಸಾವಿರವೇ.

ಏಕೀಕರಣಕ್ಕಾಗಿ ದುಡಿದವರು ಇದನ್ನು ವಿಚಾರಿಸಬೇಕು. 1956ರ ನವೆಂಬರ 1ರ ವರೆಗೆ ಧಾರವಾಡದ ಕಕ್ಷಿಗಾರನು ಮುಂಬಯಿ ಹೈಕೋರ್ಟಿನ ಕಡೆಗೂ, ಮಂಗಳೂರಿನವನು ಮದ್ರಾಸಿನ ಕಡೆಗೂ, ರಾಯಚೂರಿನವನು ಹೈದರಾಬಾದಿನ ಕಡೆಗೂ ನೋಡುತ್ತಿದ್ದನು. 1958ರಲ್ಲಿ ಇಡಿಯ ನಾಡಿಗೆ ಒಂದೇ ಶುಲ್ಕದ ಕಾಯಿದೆ ಬಂದಿತು. ಕೋರ್ಟಿನ ಶುಲ್ಕವು ಸಂವಿಧಾನದಂತೆ ರಾಜ್ಯಪಟ್ಟಿಯಲ್ಲಿಯ ವಿಷಯ. ಸರ್ವೋಚ್ಚ ನ್ಯಾಯಾಲಯದ್ದು ಮಾತ್ರ ಅದಕ್ಕೆ ಹೊರತು. ಸೋತ ನಿರ್ಧನನ ಬಾಕಿಯನ್ನು ಬಿಟ್ಟುಕೊಡಬೇಕೆಂದು ನಾವು ದಿಲ್ಲಿಗೆ ಮೊರೆಯಿಡಬೇಕಾಗಿಲ್ಲ. ನಮ್ಮ ಶಾಸಕರನ್ನೇ ಕೇಳಬಹುದು. ಪ್ರಾಮಾಣಿಕವಾಗಿ ಹೂಡಿದ ದಾವೆಯಲ್ಲಿ ಸೋತವನಿಂದ ಈ ಬಾಕಿಯನ್ನು ಕೇಳಕೂಡದೆಂಬದು ನಮ್ಮ ಸ್ಪಷ್ಟ ಅಭಿಪ್ರಾಯ.

ಅಲ್ಲಿಯ ತನಕ ಇನ್ನೊಂದು ದಾರಿಯಿದೆ. 1995ರಲ್ಲಿ ಜಾರಿಗೆ ಬಂದ 1987ರ ಕಾನೂನು ಸೇವೆಗಳ ಕಾಯಿದೆಯಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು ಎಷ್ಟೇ ಆದಾಯವಿದ್ದರೂ ನೆರವಿಗೆ ಅರ್ಹರು. ವ್ಯಾಜ್ಯದಲ್ಲಿ ಮೇಲುನೋಟಕ್ಕೆ ಹುರುಳಿರಬೇಕು, ಅಷ್ಟೆ. ವಕೀಲರಷ್ಟೇ ಅಲ್ಲ, ಕೋರ್ಟಿನ ಶುಲ್ಕವೂ ಆ ನೆರವಿನಲ್ಲಿ ಸೇರುವದು. ನಮ್ಮ ವಿಧವೆಗೆ ಇದನ್ನು ಹೇಳುವವರಾರು?

ಇಲ್ಲಿ ನೆರೆದ ಮಾಸ್ತರರಲ್ಲಿ ನಮ್ಮ ಬಿನ್ನಹವಿಷ್ಟೆ: ಅರ್ಜಿ ಬರೆಸಲು ಬಂದವರನ್ನು ಮೊದಲು ತಾಲೂಕಾ ಕಾನೂನು ಸೇವಾ ಸಮಿತಿಗೆ ಕಳುಹಿರಿ. ನಿರ್ಧನರ ಅರ್ಜಿಯನ್ನೇ ಬರೆಯುವದಾದರೆ ಪಟ್ಟಿಯಲ್ಲಿ ಒಂದು ಎಮ್ಮೆಯನ್ನೂ ಮರೆಮಾಚಗೊಡಬೇಡಿರಿ. ಅರ್ಜಿಗೆ ಮುಂಚಿನ ಎರಡು ತಿಂಗಳಲ್ಲಿ ಮೋಸದಿಂದ ಆಸ್ತಿಯನ್ನು ಪರಭಾರೆ ಮಾಡಿದ್ದರೂ ಅರ್ಜಿಯು ವಜಾ ಆಗುವದು. ವಾಯಿದೆ ಮೀರುವ ಮೊದಲೇ ಅರ್ಜಿಯನ್ನು ಕೊಡಿಸಿರಿ. ಅದು ತಿರಸ್ಕೃತವಾದರೂ ಶುಲ್ಕ ತುಂಬಲು ಕೋರ್ಟು ಅವಧಿ ಕೊಡಬಹುದು. ಆ ಅವಧಿಯೊಳಗೆ ಶುಲ್ಕವನ್ನೂ ಖರ್ಚನ್ನೂ ತುಂಬಿದರೆ, ಅರ್ಜಿ ಕೊಟ್ಟ ದಿನವೇ ದಾವೆ ಹೂಡಿದಂತೆ ಲೆಕ್ಕಿಸಲ್ಪಡುವದು.