ಹೊಸ ನರ್ಸ್‌ಗಳು ಮತ್ತು ಸಾಮಾಜಿಕ ಜಾಲತಾಣ

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಹಳೆವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮಂಗಳೂರಿಗೋ ಕಣ್ಣೂರಿಗೋ ಹೋಗಿ ನರ್ಸಿಂಗ್ ಕಲಿತ ನಮ್ಮ ಮಕ್ಕಳು ಈಗ ಒಂದು ಪ್ರಶ್ನೆ ಕೇಳುತ್ತಾರೆ. ಕೆಲಸ ಸಿಗಬೇಕಾದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್‌ಗಳಲ್ಲಿ ನಮ್ಮ ಹೆಸರು ಇರಲೇಬೇಕೆ? ನನ್ನ ಅಭಿಪ್ರಾಯ ಇಷ್ಟೆ: ಕೆಲಸ ಪಡೆಯಲು ಅವು ಬೇಕಿಲ್ಲ, ಕೆಲಸ ಎಲ್ಲಿದೆ ಎಂಬ ಸುದ್ದಿ ತಿಳಿಯಲು ಬೇಕಾಗುತ್ತವೆ. ಈ ಎರಡನ್ನು ಬೆರೆಸಿದರೆ ತೊಂದರೆ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ನೋಂದಣಿ. ಕರ್ನಾಟಕದಲ್ಲಿ ಓದಿದವರ ಹೆಸರು ಅಲ್ಲಿನ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ದಾಖಲಾಗುತ್ತದೆ. ಕೇರಳದಲ್ಲಿ ದುಡಿಯಬೇಕಾದರೆ ತಿರುವನಂತಪುರದ ಕೇರಳ ನರ್ಸಸ್ ಆಂಡ್ ಮಿಡ್‌ವೈವ್ಸ್ ಕೌನ್ಸಿಲ್‌ನಲ್ಲಿಯೂ ನೋಂದಣಿಯಾಗಬೇಕು. ಗಡಿ ದಾಟಿ ಓದಿದ ನಮ್ಮವರಿಗೆ ಇದು ಹೆಚ್ಚಿನ ಕೆಲಸ. ಕಾಗದಪತ್ರಗಳಿಗೆ ದಿನ ಹಿಡಿಯುತ್ತದೆ. ಫಲಿತಾಂಶ ಬಂದ ಕೂಡಲೇ ಇದಕ್ಕೆ ಕೈಹಾಕಿ. ಈ ನೋಂದಣಿ ಇಲ್ಲದಿದ್ದರೆ ಜಾಲತಾಣದಲ್ಲಿ ಸಾವಿರ ಮಂದಿ ಮೆಚ್ಚಿದರೂ ಪ್ರಯೋಜನವಿಲ್ಲ.

ಸರಕಾರಿ ಹುದ್ದೆಗೆ ದಾರಿ ಒಂದೇ. ಕೇರಳದಲ್ಲಿ ಲೋಕಸೇವಾ ಆಯೋಗದ ಅಧಿಕೃತ ತಾಣದಲ್ಲಿ ಒಮ್ಮೆ ಹೆಸರು ದಾಖಲಿಸಿ, ಅಲ್ಲಿಂದಲೇ ಅರ್ಜಿ ಹಾಕಬೇಕು. ಏಮ್ಸ್ ಸಂಸ್ಥೆಗಳ ನೇಮಕಕ್ಕೆ 2020ರಿಂದ ನಾರ್ಸೆಟ್ ಎಂಬ ಸಾಮಾನ್ಯ ಪರೀಕ್ಷೆ ಬಂದಿದೆ. ಇಲ್ಲೆಲ್ಲ ಅಂಕಕ್ಕೆ ಬೆಲೆಯೇ ಹೊರತು ನಿಮ್ಮ ಫೋಟೋಗಳಿಗಲ್ಲ.

ವಿದೇಶದ ಮಾತು ಬಂದಾಗ ಇನ್ನೂ ಎಚ್ಚರ ಬೇಕು. ನೇಮಕದ ಹೆಸರಿನಲ್ಲಿ ಲಕ್ಷಗಟ್ಟಲೆ ಹಣ ವಸೂಲಿಯಾಗುತ್ತಿದ್ದುದರಿಂದ, ಗಲ್ಫ್ ಸೇರಿದಂತೆ 18 ದೇಶಗಳಿಗೆ ನರ್ಸ್‌ಗಳ ನೇಮಕ ಸರಕಾರಿ ಸಂಸ್ಥೆಗಳ ಮೂಲಕ ಆಗಬೇಕೆಂದು ಕೇಂದ್ರ ಸರಕಾರ 2015ರಲ್ಲಿ ನಿಯಮ ತಂದಿತು. ಕೇರಳದಲ್ಲಿ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಅಂತಹ ಸಂಸ್ಥೆಗಳು. ಜರ್ಮನಿಯ ಸರಕಾರಿ ಸಂಸ್ಥೆಗಳೊಂದಿಗೆ ನೋರ್ಕಾ 2021ರಲ್ಲಿ ‘ಟ್ರಿಪಲ್ ವಿನ್’ ಯೋಜನೆಗೆ ಒಪ್ಪಂದ ಮಾಡಿಕೊಂಡಿತು. ಆಯ್ಕೆಯಾದವರಿಗೆ ಜರ್ಮನ್ ಭಾಷೆಯನ್ನು ಉಚಿತವಾಗಿ ಕಲಿಸುವ ಯೋಜನೆಯಿದು. ಕಾಸರಗೋಡಿನ ಕನ್ನಡಿಗರೂ ಕೇರಳದವರೇ. ಈ ಸೌಲಭ್ಯದಲ್ಲಿ ನಮಗೂ ಪಾಲಿದೆ.

ಹಾಗಾದರೆ ಜಾಲತಾಣ ಏಕೆ ಬೇಕು? ಇಂತಹ ಸುದ್ದಿ ನಮ್ಮನ್ನು ತಲುಪುವುದೇ ಇಲ್ಲ, ಅದಕ್ಕೆ. ಪ್ರಕಟಣೆಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತವೆ. ಅವನ್ನು ಓದಿ ಪರಸ್ಪರ ತಿಳಿಸುವ ವಾಟ್ಸಾಪ್ ಬಳಗಗಳೂ ಹೆಚ್ಚಾಗಿ ಮಲಯಾಳದವೇ. ಕನ್ನಡ ಶಾಲೆಯಿಂದ ಬಂದವರು ಆ ಬಳಗದ ಹೊರಗೆ ಉಳಿದರೆ ಅರ್ಜಿಯ ಕೊನೆಯ ದಿನ ಕಳೆದ ಮೇಲೆ ವಿಷಯ ಗೊತ್ತಾಗುತ್ತದೆ. ಅರ್ಹತೆಯಿದ್ದೂ ಅವಕಾಶ ತಪ್ಪುವುದು ಹೀಗೆ. ಖಾಸಗಿ ಆಸ್ಪತ್ರೆಗಳ ಸಂದರ್ಶನದ ಸುದ್ದಿಯಂತೂ ಅಲ್ಲಿ ದುಡಿಯುತ್ತಿರುವ ಹಿರಿಯ ಸಹಪಾಠಿಗಳಿಂದಲೇ ಬರಬೇಕು. ಸಂಬಳದ ಮಾತೂ ಅವರಿಂದಲೇ ತಿಳಿಯಬೇಕು. 2018ರಲ್ಲಿ ಕೇರಳ ಸರಕಾರ ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ ತಿಂಗಳಿಗೆ 20,000 ರೂಪಾಯಿ ಕನಿಷ್ಠ ವೇತನ ನಿಗದಿಪಡಿಸಿತೆಂಬುದು ಗೊತ್ತಿಲ್ಲದವರು ಹೇಳಿದಷ್ಟಕ್ಕೆ ಒಪ್ಪಿ ಸಹಿ ಹಾಕುತ್ತಾರೆ.

ಜಾಲತಾಣ ಬಳಸುವವರಿಗೆ ಮೂರು ಮಾತು. ಬಂದ ಸುದ್ದಿಯನ್ನು ಅಧಿಕೃತ ತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಮುಖ ನೋಡದವರಿಗೆ ಹಣವನ್ನಾಗಲಿ ಮೂಲ ಪ್ರಮಾಣಪತ್ರವನ್ನಾಗಲಿ ಕಳುಹಿಸಬೇಡಿ. ವಾರ್ಡಿನ ಚಿತ್ರ, ರೋಗಿಯ ಚಿತ್ರ ಎಂದೂ ಹಾಕಬೇಡಿ. ರೋಗಿಯ ಗುಟ್ಟು ಕಾಯುವುದು ನಮ್ಮ ವೃತ್ತಿಯ ಧರ್ಮ.

ಅರ್ಜಿಯಲ್ಲಿ ನಿಮಗೆ ಬರುವ ಭಾಷೆಗಳನ್ನೆಲ್ಲ ಬರೆಯಲು ಸಂಕೋಚ ಬೇಡ. ಕನ್ನಡ, ತುಳು, ಮಲಯಾಳ ಮೂರನ್ನೂ ಆಡಬಲ್ಲ ನರ್ಸ್ ಮಂಗಳೂರು, ಕಾಸರಗೋಡಿನ ಆಸ್ಪತ್ರೆಗಳಿಗೆ ಬೇಕಾದವಳೇ. ನೋವು ಎಲ್ಲಿದೆಯೆಂದು ಅಜ್ಜಿಯೊಬ್ಬಳು ತನ್ನ ಭಾಷೆಯಲ್ಲಿ ಹೇಳಿದಾಗ ಅದು ತಿಳಿಯಬೇಕಲ್ಲ.

ಕೊನೆಯದಾಗಿ ಅಧ್ಯಾಪಕರಲ್ಲಿ ವಿನಂತಿ. ಪ್ರತಿ ಕನ್ನಡ ಶಾಲೆಯೂ ನರ್ಸಿಂಗ್ ಓದಿದ ಹಳೆವಿದ್ಯಾರ್ಥಿಗಳ ಒಂದು ವಾಟ್ಸಾಪ್ ಬಳಗ ಕಟ್ಟಲಿ. ಉದ್ಯೋಗ ಪ್ರಕಟಣೆಗಳ ಸಾರಾಂಶವನ್ನು, ಕೊನೆಯ ದಿನಾಂಕವನ್ನು ಅದರಲ್ಲಿ ಕನ್ನಡದಲ್ಲಿ ಹಾಕಲಿ. ಮೊಬೈಲ್ ಇಲ್ಲದವರಿಗಾಗಿ ಶಾಲೆಯ ಫಲಕದಲ್ಲೂ ಬರೆಯಲಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ನಮಗೆ ಕೊಟ್ಟಿತು. ಆ ಹಕ್ಕನ್ನು ಬಳಸಿ, ಜಿಲ್ಲೆಯ ಉದ್ಯೋಗ ಪ್ರಕಟಣೆಗಳು ಕನ್ನಡದಲ್ಲೂ ಬರಲಿ ಎಂದು ಮನವಿ ಸಲ್ಲಿಸೋಣ. ಅಲ್ಲಿಯವರೆಗೆ ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಸುವ ಹೊಣೆ ನಮ್ಮದೇ.