ಎರಡಕ್ಕೆ ಮೂರು ಕೂಡಿಸು: ಕನ್ನಡದ ಕ್ರಮದಲ್ಲೇ ನಡೆಯುವ ಒಂದು ಕಂಪ್ಯೂಟರ್ ಭಾಷೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು’. ಅವರ ಅನುಮತಿ ಪಡೆದು ವಿಷಯವನ್ನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಹತ್ತನೇ ತರಗತಿಯ ಮಕ್ಕಳು ನನ್ನನ್ನು ಕೇಳುವುದು ಅವಕಾಶದ ಪ್ರಶ್ನೆಯನ್ನಲ್ಲ. ಅವರು ಕೇಳುವುದು ಹೀಗೆ: “ನಮ್ಮದು ಕನ್ನಡ ಮೀಡಿಯಂ. ನಮಗೆ ಕೋಡಿಂಗ್ ತಲೆಗೆ ಹೋಗ್ತದಾ?” ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರೂ ತಾಲೂಕುಗಳ ಸರಕಾರಿ ಶಾಲೆಯ ಮಕ್ಕಳಲ್ಲಿ ಈ ಅಳುಕು ಇದೆ. ಇಲ್ಲಿಂದ ಹೊನ್ನಾವರದ ಎಸ್‌ಡಿಎಂ ಕಾಲೇಜಿಗೋ ಕುಮಟಾದ ಬಾಳಿಗಾ ಕಾಲೇಜಿಗೋ ಹೋಗುವಾಗ, ಅರ್ಜಿಯಲ್ಲಿ ಯಾವ ವಿಷಯ ಬರೆಯಬೇಕು ಎಂಬುದನ್ನು ಎಷ್ಟೋ ಸಲ ಆ ಅಳುಕೇ ತೀರ್ಮಾನಿಸಿಬಿಡುತ್ತದೆ. ಅದಕ್ಕೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತ, ಒಂದು ಕಂಪ್ಯೂಟರ್ ಭಾಷೆಯನ್ನು ಇಲ್ಲಿಯೇ ಶುರು ಮಾಡಿ ತೋರಿಸುವುದು ಒಳ್ಳೆಯದು ಅನ್ನಿಸಿತು. ಆ ಭಾಷೆಯ ಹೆಸರು ಫೋರ್ತ್.

ಫೋರ್ತ್ ಭಾಷೆಯನ್ನು ರೂಪಿಸಿದವರು ಅಮೆರಿಕದ ಚಾರ್ಲ್ಸ್ ಮೂರ್. 1970ರ ಸುಮಾರಿಗೆ ಅಲ್ಲಿನ ರಾಷ್ಟ್ರೀಯ ರೇಡಿಯೋ ಖಗೋಳ ವೀಕ್ಷಣಾಲಯದಲ್ಲಿ ದೂರದರ್ಶಕವನ್ನು ನಡೆಸಲು ಅದನ್ನು ಬಳಸಿದರು. ಇದು ನಾಲ್ಕನೆಯ ತಲೆಮಾರಿನ ಕಂಪ್ಯೂಟರಿಗೆ ತಕ್ಕ ಭಾಷೆ ಎಂದು ಅವರು ‘ನಾಲ್ಕನೆಯದು’ ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟರು. ಅವರು ಬಳಸುತ್ತಿದ್ದ ಐಬಿಎಂ 1130 ಯಂತ್ರದಲ್ಲಿ ಹೆಸರಿಗೆ ಐದೇ ಅಕ್ಷರಗಳ ಮಿತಿ. ಆರು ಅಕ್ಷರದ ಆ ಪದದಿಂದ ‘ಯು’ ಬಿದ್ದುಹೋಗಿ ಈಗಿನ ಕಾಗುಣಿತ ಉಳಿಯಿತು.

ಈ ಭಾಷೆ ಎಲ್ಲವನ್ನೂ ಒಂದು ಸ್ಟ್ಯಾಕ್ ಮೇಲೆ ಮಾಡುತ್ತದೆ. ಸ್ಟ್ಯಾಕ್ ಅಂದರೆ ಅಟ್ಟಿ. ಬಿಸಿಯೂಟದ ನಂತರ ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತೀರಲ್ಲ, ಅದೇ. ಕೊನೆಗೆ ಇಟ್ಟ ತಟ್ಟೆ ಮೊದಲು ಕೈಗೆ ಬರುತ್ತದೆ. ನಡುವಿನಿಂದ ಎಳೆಯಲು ಹೋದರೆ ಸದ್ದಾಗುತ್ತದೆ, ಹೆಡ್‌ಮಾಸ್ಟರ್ ಬರುತ್ತಾರೆ. ಇಷ್ಟು ಗೊತ್ತಿದ್ದರೆ ಸ್ಟ್ಯಾಕ್ ಗೊತ್ತಾದಂತೆ.

ಫೋರ್ತ್‌ನಲ್ಲಿ ಒಂದು ಸಂಖ್ಯೆ ಬರೆದರೆ ಅದು ಅಟ್ಟಿಯ ಮೇಲೆ ಕೂರುತ್ತದೆ. ಕೂಡಿಸುವ ಚಿಹ್ನೆ ಬಂದರೆ ಮೇಲಿನ ಎರಡು ಸಂಖ್ಯೆಗಳನ್ನು ತೆಗೆದು, ಕೂಡಿಸಿ, ಮೊತ್ತವನ್ನು ಮತ್ತೆ ಅಟ್ಟಿಯ ಮೇಲೆ ಇಡುತ್ತದೆ. ಚುಕ್ಕಿ ಇಟ್ಟರೆ ಮೇಲಿನದನ್ನು ತೆಗೆದು ಪರದೆಯ ಮೇಲೆ ತೋರಿಸುತ್ತದೆ. ನಮ್ಮ ಹೆದ್ದಾರಿಯ ಲೆಕ್ಕವನ್ನೇ ಮಾಡೋಣ. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಕುಮಟಾಕ್ಕೆ ಸುಮಾರು 20 ಎಂದಿಟ್ಟುಕೊಳ್ಳಿ. ಹೋಗಿ ಬರಲು ಎಷ್ಟು?

40 20 + 2 * .

ನಕ್ಷತ್ರ ಗುಣಾಕಾರದ ಚಿಹ್ನೆ. ಎಡದಿಂದ ಓದುತ್ತ ಹೋಗಿ. 40 ಕೂತಿತು. ಅದರ ಮೇಲೆ 20 ಕೂತಿತು. ಕೂಡಿಸಿದಾಗ ಎರಡೂ ಹೋಗಿ 60 ಉಳಿಯಿತು. ಅದರ ಮೇಲೆ 2 ಕೂತಿತು. ಗುಣಿಸಿದಾಗ 120 ಆಯಿತು. ಚುಕ್ಕಿ ಅದನ್ನು ತೋರಿಸಿತು, ಅಟ್ಟಿ ಖಾಲಿಯಾಯಿತು. ಆವರಣ ಚಿಹ್ನೆ ಬೇಕಾಗಲಿಲ್ಲ. ಗುಣಾಕಾರ ಮೊದಲೋ ಸಂಕಲನ ಮೊದಲೋ ಎಂಬ ನಿಯಮವೂ ಬೇಕಾಗಲಿಲ್ಲ. ಬರೆದ ಕ್ರಮವೇ ಮಾಡುವ ಕ್ರಮ.

ಸಂಖ್ಯೆ ಮೊದಲು, ಕೆಲಸ ಆಮೇಲೆ ಎಂಬ ಈ ಬರವಣಿಗೆಯನ್ನು ‘ತಿರುಗಿಸಿದ ಪೋಲಿಷ್ ಪದ್ಧತಿ’ ಎನ್ನುತ್ತಾರೆ. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಸಿಯೆವಿಚ್ 1920ರ ದಶಕದಲ್ಲಿ ಚಿಹ್ನೆಯನ್ನು ಮೊದಲಿಗೆ ಬರೆಯುವ ಪದ್ಧತಿ ತಂದರು. ಅದನ್ನು ತಿರುಗಿಸಿದಾಗ ಇದು ಬಂತು. 1972ರಲ್ಲಿ ಬಂದ ಎಚ್‌ಪಿ-35 ಎಂಬ ಜೇಬಿನ ಕ್ಯಾಲ್ಕುಲೇಟರ್ ಕೂಡ ಹೀಗೆಯೇ ಲೆಕ್ಕ ಮಾಡುತ್ತಿತ್ತು. ಪಾಶ್ಚಾತ್ಯರಿಗೆ ಇದು ತಿರುಗಾಮುರುಗಾ ಕಂಡಿತು. ಏಕೆಂದರೆ ಇಂಗ್ಲಿಷಿನಲ್ಲಿ ‘ಕೂಡಿಸು’ ಎಂಬ ಕ್ರಿಯಾಪದ ಮೊದಲು ಬರುತ್ತದೆ.

ನಮಗೆ? ನಾವು “ಎರಡಕ್ಕೆ ಮೂರು ಕೂಡಿಸು” ಎನ್ನುತ್ತೇವೆ. ಕ್ರಿಯಾಪದ ಕೊನೆಗೆ. ಕನ್ನಡ ಮಾತ್ರವಲ್ಲ, ಈ ಕರಾವಳಿಯಲ್ಲಿ ಆಡುವ ಹಾಲಕ್ಕಿ ಕನ್ನಡ, ಕೊಂಕಣಿ, ಭಟ್ಕಳದ ನವಾಯತಿ, ಉರ್ದು, ಎಲ್ಲದರಲ್ಲೂ ಕ್ರಿಯಾಪದದ ಜಾಗ ವಾಕ್ಯದ ಕೊನೆಯೇ. ಮನೆಯಲ್ಲಿ ಯಾವ ಭಾಷೆ ಆಡುವ ಮಗುವಾದರೂ ಈ ಕ್ರಮವನ್ನು ಶಾಲೆಗೆ ಬರುವ ಮೊದಲೇ ಕಲಿತು ಬಂದಿರುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಫೋರ್ತ್‌ನಲ್ಲಿ ಹೊಸ ಪದಗಳನ್ನು ನಾವೇ ಹುಟ್ಟಿಸಬಹುದು. ವಿವರಣ ಚಿಹ್ನೆ, ಪದದ ಹೆಸರು, ಅದು ಮಾಡುವ ಕೆಲಸ, ಕೊನೆಗೆ ಅರ್ಧವಿರಾಮ. ಅಷ್ಟೇ. ಜಿಫೋರ್ತ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಹೆಸರು ಕನ್ನಡದಲ್ಲಿಯೂ ಇರಬಹುದು.

: ಕೂಡಿಸು + ;
: ಗುಣಿಸು * ;
: ಹೇಳು . ;
: ಕ್ಕೆ ;
: ರಿಂದ ;

ಕೊನೆಯ ಎರಡು ಪದಗಳು ಏನೂ ಮಾಡುವುದಿಲ್ಲ. ಅವು ನಮ್ಮ ವಿಭಕ್ತಿ ಪ್ರತ್ಯಯಗಳು, ಓದಲು ಹಿತವಾಗಲಿ ಎಂದು ಇಟ್ಟದ್ದು. ಈಗ ಹೀಗೆ ಬರೆಯಿರಿ:

40 ಕ್ಕೆ 20 ಕೂಡಿಸು 2 ರಿಂದ ಗುಣಿಸು ಹೇಳು

ಕಂಪ್ಯೂಟರ್ 120 ಎನ್ನುತ್ತದೆ, ಪಕ್ಕದಲ್ಲಿ ‘ಓಕೆ’ ಎಂದೂ ಬರೆಯುತ್ತದೆ. ಇದು ಅನುವಾದಿಸಿದ ವಾಕ್ಯವಲ್ಲ. ಪದದಿಂದ ಪದಕ್ಕೆ ಕಂಪ್ಯೂಟರ್ ನಡೆಸುವ ಕಾರ್ಯಕ್ರಮವೇ ಇದು. ಇದನ್ನು ಬರೆಯಲು ಬೇಕಾದ ವ್ಯಾಕರಣವನ್ನು ಇದೇ ಶಾಲೆಯ ಕನ್ನಡ ಮೇಷ್ಟ್ರು ನಮಗೆ ಕಲಿಸಿದ್ದಾರೆ.

ಶುರು ಮಾಡುವವರಿಗೆ ನಾಲ್ಕು ಮಾತು. ಒಂದು, ಲಿನಕ್ಸ್ ಇರುವ ಗಣಕದಲ್ಲಿ ಜಿಫೋರ್ತ್ ಹಾಕಿಕೊಳ್ಳಿ. ಎರಡು, ಪ್ರತಿ ಪದದ ಆಚೆ ಈಚೆ ಜಾಗ ಬಿಡಿ. ‘2ರಿಂದ’ ಎಂದು ಸೇರಿಸಿ ಬರೆದರೆ ಅದಕ್ಕೆ ಅರ್ಥವಾಗದು. ಮೂರು, ಖಾಲಿ ಅಟ್ಟಿಯಿಂದ ತೆಗೆಯಲು ಹೋದರೆ ‘ಸ್ಟ್ಯಾಕ್ ಅಂಡರ್‌ಫ್ಲೋ’ ಎಂದು ಗೊಣಗುತ್ತದೆ. ಹೆದರಬೇಡಿ, ಅಟ್ಟಿಯಲ್ಲಿ ತಟ್ಟೆಯಿಲ್ಲ ಎಂದಷ್ಟೇ ಅದರ ಅರ್ಥ. ನಾಲ್ಕು, ಕೆಲವು ಪರದೆಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣಬಹುದು. ಹಾಗಾದರೆ ಬೇರೆ ಕಡತದಲ್ಲಿ ಬರೆದು ಉಳಿಸಿ ಜಿಫೋರ್ತ್‌ಗೆ ಕೊಡಿ, ಲೆಕ್ಕ ತಪ್ಪುವುದಿಲ್ಲ. ಕನ್ನಡ ಟೈಪಿಂಗಿಗೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇದೆ, ಒಂದು ವಾರದಲ್ಲಿ ಕೈಗೆ ಬರುತ್ತದೆ.

ಗಣಕವೇ ಇಲ್ಲವೇ? ರಟ್ಟಿನ ಚೂರುಗಳ ಮೇಲೆ ಸಂಖ್ಯೆ ಬರೆಯಿರಿ. ಒಬ್ಬಳು ವಾಕ್ಯ ಓದಲಿ, ಇನ್ನೊಬ್ಬ ಅಟ್ಟಿ ಪೇರಿಸಲಿ. ಕಂಪ್ಯೂಟರ್ ಒಳಗೆ ನಡೆಯುವುದೂ ಅದೇ. ಮನೆಗೆ ಒಂದು ಲೆಕ್ಕ ಕೊಡುತ್ತೇನೆ. ಕುಮಟಾದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ನೇತುಹಾಕಿ ಮಾರುತ್ತಾರಲ್ಲ, ಗೊಂಚಲಿಗೆ 150 ರೂಪಾಯಿಯಂತೆ 3 ಗೊಂಚಲು ಕೊಂಡು 500ರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು? ‘ಕಳೆ’ ಎಂಬ ಪದವನ್ನು ನೀವೇ ಹುಟ್ಟಿಸಿಕೊಳ್ಳಿ. 500 ಅನ್ನು ಮೊದಲು ಇಡಬೇಕೋ ಕೊನೆಗೋ ಎಂದು ಯೋಚಿಸಿ ಬರೆಯಿರಿ.

ಫೋರ್ತ್ ಕಲಿತರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆಯೇ ಎಂದು ಪಾಲಕರು ಕೇಳಬಹುದು. ನೇರವಾಗಿ ಸಿಗುವುದು ಕಷ್ಟ. ಕಂಪನಿಗಳು ಕೇಳುವುದು ಜಾವಾ, ಪೈಥಾನ್. ಆದರೆ ಆ ಎರಡೂ ಭಾಷೆಗಳಲ್ಲಿ ಬರೆದದ್ದು ಒಳಗೆ ನಡೆಯುವುದು ಇಂಥ ಅಟ್ಟಿಯ ಮೇಲೆಯೇ. 2014ರ ನವೆಂಬರ್ 12ರಂದು ಧೂಮಕೇತುವಿನ ಮೇಲೆ ಇಳಿದ ಫೀಲೇ ನೌಕೆಯಲ್ಲಿದ್ದದ್ದು ಫೋರ್ತ್‌ಗೆಂದೇ ಮಾಡಿದ ಬಗೆಯ ಸ್ಟ್ಯಾಕ್ ಚಿಪ್. ಮುದ್ರಣಾಲಯಗಳು ಇಂದು ಬಳಸುವ ಪಿಡಿಎಫ್ ಕಡತದ ಮೂಲ ಪೋಸ್ಟ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಸ್ಟ್ಯಾಕ್ ಭಾಷೆ. ಅದರಲ್ಲೂ ‘ಇಷ್ಟು ದೂರ, ಇಷ್ಟು ಎತ್ತರ, ಅಲ್ಲಿಗೆ ಹೋಗು’ ಎಂಬುದೇ ಕ್ರಮ. ಇದರಲ್ಲಿ ಅಡಿಪಾಯ ಹಾಕಿಕೊಂಡವರಿಗೆ ಮೇಲಿನ ಮಹಡಿ ಹತ್ತುವುದು ಸುಲಭ.

ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಕನ್ನಡ ಮಾಧ್ಯಮದಿಂದ ಬಿ.ಇ.ಗೆ ಹೋದಾಗ ಮೊದಲ ವರ್ಷದ ಪಠ್ಯಗಳು ನನಗೆ ಭಾರವಾಗಿದ್ದವು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಓದಿದೆ. ಇಂಗ್ಲಿಷ್ ಕಲಿಯಲೇಬೇಕು. ಆದರೆ ಇಂಗ್ಲಿಷ್ ಪೂರ್ತಿ ಬಂದ ಮೇಲೆ ಕಂಪ್ಯೂಟರ್ ಎಂದು ಕಾಯಬೇಡಿ. ಭಾಷೆ ಕಲಿಯುವುದು ಒಂದು ಕೆಲಸ, ಕ್ರಮವಾಗಿ ಯೋಚಿಸುವುದು ಇನ್ನೊಂದು. ಎರಡನೆಯದನ್ನು ಇವತ್ತೇ, ಗೊತ್ತಿರುವ ಭಾಷೆಯಲ್ಲೇ ಶುರು ಮಾಡಬಹುದು.

ನನ್ನಂಥ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಫೋರ್ತ್‌ನ ಮೊದಲ ರೂಪಗಳು ಕೆಲವೇ ಕಿಲೋಬೈಟ್ ನೆನಪಿನಲ್ಲಿ ಓಡುತ್ತಿದ್ದವು. ಹಾಗಾಗಿ ನಿಮ್ಮ ಮನೆಯ ಕಪಾಟಿನಲ್ಲಿರುವ ಹಳೆಯ ಲ್ಯಾಪ್‌ಟಾಪ್ ಕೂಡ ಈ ಕೆಲಸಕ್ಕೆ ಧಾರಾಳ. ಅದನ್ನು ಶಾಲೆಗೆ ಕೊಡಿ. ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವ ಬದಲು, ಊರಿಗೆ ಬಂದಾಗ ಒಂದು ಶನಿವಾರ ಬೆಳಿಗ್ಗೆ ಮಕ್ಕಳ ಜೊತೆ ಅದರ ಮುಂದೆ ಕೂರಿ. ಮುಂದಿನ ಶನಿವಾರ ಹಾಗೆ ಕೂರಲು ನಾನು ಮುಖ್ಯಾಧ್ಯಾಪಕರ ಅನುಮತಿ ಕೇಳಿದ್ದೇನೆ. ಈರುಳ್ಳಿಯ ಲೆಕ್ಕ ಬಿಡಿಸಿದವರು ಅಲ್ಲಿಗೆ ತನ್ನಿ. ಬಿಡಿಸಲಾಗದವರೂ ಬನ್ನಿ, ಕೂಡಿ ಬಿಡಿಸೋಣ.

 ನಮ್ಮ ಶಾಲೆ ನೂರು ತುಂಬಲಿ.